ಊರ ಫಿಲ್ಟರ್ ಘಟಕ: ಮೆಂಬ್ರೇನ್‌ಗೆ ಸುಣ್ಣ ಕಟ್ಟದಂತೆ ನೋಡಿಕೊಳ್ಳುವುದು ಹೇಗೆ?

ಕೊಪ್ಪಳ ಕಡೆ ಬೋರ್ ನೀರು ಕಾಯಿಸುವ ಕಾಯಿಲ್ ನೋಡಿದ್ದೀರಲ್ಲ? ಮೈಮೇಲೆಲ್ಲ ಬಿಳಿ ಚಿಪ್ಪು. ಚಮಚದಿಂದ ಕೆರೆದರೂ ಬಿಡುವುದಿಲ್ಲ. ಊರಿನ ಫಿಲ್ಟರ್ ಘಟಕದ ಮೆಂಬ್ರೇನ್ (ನೀರಿನ ಉಪ್ಪನ್ನು ಸೋಸುವ ತೆಳು ಪೊರೆ) ಒಳಗೂ ಇದೇ ಸುಣ್ಣ ಕಟ್ಟುತ್ತದೆ. ಕಣ್ಣಿಗೆ ಬೀಳುವುದಿಲ್ಲ ಅಷ್ಟೇ.

ಮೊದಲು ವೇಸ್ಟ್ ನೀರಿನ ವಾಲ್ವ್ ನೋಡಿ. ನೀರು ಸುಮ್ನೆ ಚರಂಡಿಗೆ ಹೋಗುತ್ತಿದೆ ಅಂತ ಯಾರೋ ಅದನ್ನು ಒಂದು ಸುತ್ತು ಬಿಗಿ ಮಾಡಿರುತ್ತಾರೆ. ಉದ್ದೇಶ ಒಳ್ಳೆಯದೇ, ಕೆಲಸ ಮಾತ್ರ ಕೆಟ್ಟದ್ದು. 100 ಲೀಟರ್ ಹೋಗಿ 50 ಲೀಟರ್ ಸಿಹಿ ನೀರು ಬಂದರೆ, ಉಳಿದ ನೀರಲ್ಲಿ ಉಪ್ಪು ಹತ್ತಿರ ಹತ್ತಿರ ಎರಡು ಪಟ್ಟು. ವಾಲ್ವ್ ಬಿಗಿ ಮಾಡಿ 75 ಲೀಟರ್ ಹಿಂಡಿದರೆ ನಾಲ್ಕು ಪಟ್ಟು! ಅಷ್ಟನ್ನು ಹೊರಲಾರದೆ ನೀರು ಸುಣ್ಣವನ್ನು ಮೆಂಬ್ರೇನ್ ಮೇಲೆ ಇಳಿಸಿಬಿಡುತ್ತದೆ. ಚೆನ್ನೈ ಬಳಿಯ ನೆಮ್ಮೇಲಿಯಂಥ ಕಡೆ ಸಮುದ್ರದ ನೀರನ್ನೇ ಸಿಹಿ ಮಾಡುತ್ತಾರೆ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ನೀರು ಅದು. ಅಂಥ ಘಟಕಗಳಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಜಾಸ್ತಿ ನೀರು ವಾಪಸ್ ಕಡಲಿಗೇ ಹೋಗುತ್ತದೆ. ನಮ್ಮ ವೇಸ್ಟ್ ನೀರನ್ನು ಪಾಯಖಾನೆಗೆ, ನೆಲ ತೊಳೆಯಲು ಬಳಸಿ. ವಾಲ್ವ್ ಮಾತ್ರ ಮುಟ್ಟಬೇಡಿ.

ಆಮೇಲೆ ಆಂಟಿಸ್ಕೇಲಂಟ್, ಅಂದರೆ ಸುಣ್ಣ ಕಟ್ಟದಂತೆ ತಡೆಯುವ ಔಷಧಿಯ ಕ್ಯಾನ್. ಡೋಸಿಂಗ್ ಪಂಪ್ ಟಿಕ್ ಟಿಕ್ ಅನ್ನುತ್ತಿದ್ದರೂ ಪೈಪಿನಲ್ಲಿ ಗಾಳಿ ಸೇರಿ ಔಷಧಿ ಎಳೆಯದೇ ಇರಬಹುದು. ಕ್ಯಾನ್ ಮೇಲೆ ಪೆನ್ನಿನಿಂದ ಗೆರೆ ಎಳೆಯಿರಿ. ಮರುದಿನ ಮಟ್ಟ ಇಳಿದಿರಬೇಕು. ಸಾಮಾನ್ಯವಾಗಿ 1,000 ಲೀಟರಿಗೆ 2ರಿಂದ 5 ಗ್ರಾಂ ಸಾಕು. ಸರಿಯಾದ ಪ್ರಮಾಣವನ್ನು ನೀರಿನ ಪರೀಕ್ಷೆ ನೋಡಿಯೇ ಹೇಳಬೇಕು. ಜಾಸ್ತಿ ಸುರಿದರೆ ಅದೇ ಮೆಂಬ್ರೇನ್‌ಗೆ ಅಂಟಿಕೊಳ್ಳುತ್ತದೆ.

ಘಟಕ ನಿಲ್ಲಿಸುವಾಗ ಐದು ನಿಮಿಷ ಸಿಹಿ ನೀರು ಹಾಯಿಸಿ. ಕರೆಂಟ್ ಹೋಗಿ ಘಟಕ ನಿಂತಾಗ ಒಳಗೆ ಗಟ್ಟಿ ಉಪ್ಪು ನೀರೇ ಉಳಿದಿರುತ್ತದೆ. ಕರೆಂಟ್ ಬಂದ ಕೂಡಲೇ ಮಾಡುವ ಮೊದಲ ಕೆಲಸವೂ ಇದೇ.

ದಿನಾ ಪ್ರೆಷರ್, ಸಿಹಿ ನೀರಿನ ಅಳತೆ, ಟಿಡಿಎಸ್ (ನೀರಲ್ಲಿ ಕರಗಿರುವ ಉಪ್ಪಿನ ಅಳತೆ) ಬರೆದಿಡಿ. ಪ್ರೆಷರ್ ಅಷ್ಟೇ ಇದ್ದು ನೀರು 10–15 ಶೇಕಡಾ ಇಳಿದರೆ ತೊಳೆಯುವ ಹೊತ್ತಾಯಿತು. ಚಳಿಗಾಲದಲ್ಲಿ ನೀರು ತಣ್ಣಗಾದರೂ ಇಳಿಯುತ್ತದೆ, ಮೋಸ ಹೋಗಬೇಡಿ.

ತೊಳೆಯಲು 100 ಲೀಟರ್ ಸಿಹಿ ನೀರಿಗೆ 2 ಕೆ.ಜಿ. ಸಿಟ್ರಿಕ್ ಆಮ್ಲ. ಕೈಗೆ ಗ್ಲೌಸ್ ಇರಲಿ. ಬ್ಲೀಚಿಂಗ್ ಪೌಡರ್ ಹತ್ತಿರವೂ ಬೇಡ, ಕ್ಲೋರಿನ್ ಮೆಂಬ್ರೇನನ್ನೇ ತಿನ್ನುತ್ತದೆ. ತೊಳೆಯುವ ಮೊದಲು, ವೇಸ್ಟ್ ನೀರು ಹೊರಡುವ ತುದಿಯಲ್ಲಿ ಚೂರು ಸುಣ್ಣ ಕೆರೆದು ಅದಕ್ಕೆ ಲಿಂಬೆ ಹಿಂಡಿ. ನೊರೆ ಎದ್ದರೆ ಸಿಟ್ರಿಕ್‌ಗೆ ಕರಗುತ್ತದೆ. ಏಳದಿದ್ದರೆ ಅದು ಜಿಪ್ಸಮ್ಮೋ ಸಿಲಿಕಾವೋ ಇರಬಹುದು, ಸಿಟ್ರಿಕ್‌ಗೆ ಜಗ್ಗುವುದಿಲ್ಲ, ಮೆಕ್ಯಾನಿಕ್‌ನನ್ನೇ ಕರೆಸಿ.