ತಾರಸಿಯ ಮೇಲೆ ಲೀಸಾ ತಿರುಗಿಸುವುದು ಹೇಗೆ

ಏಳು ಮೀಟರ್ ಅಗಲದ ತಾರಸಿ, ಮೂರು ಮೀಟರ್ ದಾರ, ಸೀಮೆಸುಣ್ಣ, ಸ್ಟೂಲು, ಒಂದು ಬೆಟ್ಟದ ನೆಲ್ಲಿಕಾಯಿ, ರಾತ್ರಿ ನೆನೆಸಿಟ್ಟ ಮೂರು ಬಟಾಣಿ, ಉರಿದುಳಿದ ಊದುಬತ್ತಿ ಕಡ್ಡಿ. ಇಷ್ಟಿದ್ದರೆ ಸಾಕು, ಯುರೋಪಿನ ಬಾಹ್ಯಾಕಾಶ ಸಂಸ್ಥೆ 2035ರಲ್ಲಿ ಹಾರಿಸಬೇಕೆಂದಿರುವ ಲೀಸಾ ಮನೆಯಲ್ಲೇ ತಯಾರು. ಲೀಸಾ ಎಂದರೆ ಗುರುತ್ವದ ಅಲೆಗಳನ್ನು (ಭಾರೀ ಕಾಯಗಳು ಒಂದನ್ನೊಂದು ಸುತ್ತುವಾಗ ದೇಶ-ಕಾಲದಲ್ಲೇ ಏಳುವ ಅಲೆ) ಲೇಸರಿನಿಂದ ಹಿಡಿಯುವ ಮೂರು ನೌಕೆಗಳ ತ್ರಿಕೋನ.

ಅಳತೆ, ಸೆಂಟಿಮೀಟರಿಗೆ 5 ಲಕ್ಷ ಕಿ.ಮೀ. ಸ್ಟೂಲಿನ ಮೇಲೆ ನೆಲ್ಲಿಕಾಯಿ ಇಡಿ, ಅದೇ ಸೂರ್ಯ. ದಾರ ಹಿಡಿದು ಸುತ್ತ ವೃತ್ತ ಎಳೆದು, ಅದರ ಮೇಲೊಂದು ಚುಕ್ಕಿ ಇಡಿ, ಅದು ಭೂಮಿ. (ಲೆಕ್ಕದ ಪ್ರಕಾರ ಭೂಮಿ ರಂಗೋಲಿ ಪುಡಿಯ ಒಂದು ಕಣದಷ್ಟು. ಹುಡುಕಲು ಹೋಗಬೇಡಿ.)

ಬಟಾಣಿಗೆ ಕಡ್ಡಿ ಚುಚ್ಚಿ ತ್ರಿಕೋನ ಮಾಡಿ, ಬಟಾಣಿಗಳೇ ನೌಕೆಗಳು. ಬಟಾಣಿಯಿಂದ ಬಟಾಣಿಗೆ 5 ಸೆಂ.ಮೀ., ಅಂದರೆ 25 ಲಕ್ಷ ಕಿ.ಮೀ. ಒಂದಕ್ಕೆ ಕೆಂಪು ಬಣ್ಣ ಹಚ್ಚಿ, ಅದು ಮೇಲಿರಲಿ. ವೃತ್ತದ ಮೇಲೆ ಭೂಮಿಯಿಂದ ಒಂದು ಮೀಟರ್ ಹಿಂದೆ, ಸ್ಟೂಲಿನ ಎತ್ತರಕ್ಕೆ ತ್ರಿಕೋನ ಹಿಡಿಯಿರಿ. ಗೋಡೆಗೆ ಒರಗಿಸಿಟ್ಟ ಕನ್ನಡಿಯ ಹಾಗೆ ಸೂರ್ಯನಿಗೆ ಮುಖ ಮಾಡಿ ವಾಲಿರಬೇಕು. ಕಂಪಾಸ್ ಬಾಕ್ಸಿನ ಸೆಟ್‌ಸ್ಕ್ವೇರ್ ಇಟ್ಟು ನೆಲಕ್ಕೆ 60 ಡಿಗ್ರಿ ನೋಡಿಕೊಳ್ಳಿ. ಈಗ ನಡೆಯಿರಿ, ಅಪ್ರದಕ್ಷಿಣೆಯಾಗಿ.

ಮೊದಲ ಸಲ ನಾನು ಆರತಿ ತಟ್ಟೆ ಹಿಡಿದಂತೆ ಅಲುಗಿಸದೆ ಒಂದು ಸುತ್ತು ಬಂದೆ. ಏಳನೇ ಕ್ಲಾಸಿನ ಹುಡುಗಿ, "ಮಿಸ್, ಕೆಂಪು ಬಟಾಣಿ ವರ್ಷವಿಡೀ ಸೂರ್ಯನಿಗಿಂತ ಮೇಲೇ ಇರತ್ತಾ?" ಎಂದಳು. ಸಿಕ್ಕಿಬಿದ್ದೆ. ನಿಜದಲ್ಲಿ ಅಲ್ಲಿ ಕಡ್ಡಿಯೂ ಇಲ್ಲ, ದಾರವೂ ಇಲ್ಲ. ಮೂರೂ ನೌಕೆ ತಮ್ಮ ತಮ್ಮ ಕಕ್ಷೆಯಲ್ಲಿ ಸೂರ್ಯನನ್ನು ಸುತ್ತುತ್ತವೆ. ಈಗ ಮೇಲಿರುವುದು ಆರು ತಿಂಗಳಿಗೆ ಕೆಳಗಿಳಿಯಲೇಬೇಕು. ಹಾಗಾಗಿ ಕಾಲು ಸುತ್ತು ನಡೆದರೆ ತ್ರಿಕೋನವನ್ನೂ ಕಾಲು ಸುತ್ತು ತಿರುಗಿಸಿ, ಸೂರ್ಯನ ಕಡೆಯಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ.

ಆಮೇಲೆ ಇಬ್ಬರನ್ನು ನಿಲ್ಲಿಸಿ. ಒಬ್ಬ "ಬಿಟ್ಟೆ" ಅನ್ನಲಿ. ಇನ್ನೊಬ್ಬ ಎಂಟು ಎಣಿಸಿ "ಸಿಕ್ತು" ಅನ್ನಲಿ. ನೌಕೆಯಿಂದ ನೌಕೆಗೆ ಬಿಡುವ ಲೇಸರ್ ಒಂದು ಕೈ (ತ್ರಿಕೋನದ ಒಂದು ಬದಿ) ದಾಟಲು 8.3 ಸೆಕೆಂಡು. ಅಷ್ಟರಲ್ಲಿ ಬೆಳಕು ಎಷ್ಟು ಬಡವಾಗಿರುತ್ತದೆಂದರೆ ಕನ್ನಡಿಯಿಟ್ಟು ವಾಪಸ್ ಕಳಿಸಿ ಪ್ರಯೋಜನವಿಲ್ಲ, ಬೆಳಕು ಸಿಕ್ಕ ನೌಕೆ ತನ್ನದೇ ಲೇಸರನ್ನು ತಾಳ ಕೂಡಿಸಿ ಹೊರಡಿಸುತ್ತದೆ. ಬೇರೆ ಬೇರೆ ನೌಕೆಗಳೊಳಗೆ ತೇಲುವ ಚಿನ್ನ-ಪ್ಲಾಟಿನಂ ಘನಗಳ ನಡುವಿನ ದೂರವೇ ಅಲೆ ಬಂದಾಗ ಒಂದಿಷ್ಟೇ ಹಿಗ್ಗಿ ಕುಗ್ಗುವುದು. ಅಂಥ ಘನಗಳನ್ನು 2015ರಲ್ಲೇ ಪಾತ್‌ಫೈಂಡರ್ ಎಂಬ ಪ್ರಯೋಗದ ನೌಕೆಯಲ್ಲಿ ಹಾರಿಸಿ ಪರೀಕ್ಷಿಸಿದ್ದಾರೆ.

ಕೈಗಳು ಇಷ್ಟುದ್ದ ಏಕೆ ಎಂದು ಕೇಳೇ ಕೇಳುತ್ತಾರೆ. ಎಚ್‌ಎಂ ಕ್ಯಾನ್‌ಕ್ರಿ ಎಂಬ ಜೋಡಿ ಶ್ವೇತಕುಬ್ಜಗಳು (ಉರಿದು ಮುಗಿದ ಪುಟ್ಟ ನಕ್ಷತ್ರಗಳು) ಸುಮಾರು 5.4 ನಿಮಿಷಕ್ಕೊಮ್ಮೆ ಒಂದನ್ನೊಂದು ಸುತ್ತುತ್ತವೆ, ಅಲೆ 2.7 ನಿಮಿಷಕ್ಕೊಂದು. ಮಹಾರಾಷ್ಟ್ರದ ಹಿಂಗೋಲಿಯಲ್ಲಿ ಬರಲಿರುವ ಲೈಗೋದ (ಇದೇ ಅಲೆಗಳನ್ನು ನೆಲದ ಮೇಲಿಂದ ಹಿಡಿಯುವ ಯಂತ್ರ) 4 ಕಿ.ಮೀ. ಕೈಗೆ ಅದು ನಿಲುಕದು. ಇಷ್ಟು ನಿಧಾನದ ಅಲೆಯನ್ನು ನೆಲದ ನಡುಕವೇ ನುಂಗಿಹಾಕುತ್ತದೆ.

ಬಟಾಣಿ ಒಣಗಿದಂತೆ ಕಡ್ಡಿಯನ್ನು ಬಿಗಿಯಾಗಿ ಹಿಡಿಯುತ್ತದೆ, ಆದರೆ ಕೈಗಳು ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆ ಆಗುತ್ತವೆ. ಸರಿಪಡಿಸಬೇಡಿ. ಲೀಸಾದ ಕೈಗಳೂ ವರ್ಷದಲ್ಲಿ ಶೇ. 1ರಷ್ಟು ಉದ್ದಗಿಡ್ಡ ಆಗುತ್ತಲೇ ಇರುತ್ತವೆ.