ಬಾರ್ಬೆಕ್ಯೂಗೆ ಕಾಫಿ ಕಟ್ಟಿಗೆಯ ಹೊಗೆ ಹಿಡಿಸುವುದು ಹೇಗೆ?

ಹೋಂಸ್ಟೇಗಳ ಅಂಗಳದಲ್ಲಿದ್ದ ಬಾರ್ಬೆಕ್ಯೂ ಈಗ ತೀರ್ಥಹಳ್ಳಿ, ಸಾಗರ, ಹೊಸನಗರದ ಮನೆಗಳ ಹಿತ್ತಲಿಗೂ ಬಂದಿದೆ. ಆದರೆ ಹೊಗೆ ಹೆಚ್ಚಿದಷ್ಟೂ ರುಚಿ ಎಂದುಕೊಂಡು ಹಸಿ ಕಟ್ಟಿಗೆ ತುರುಕುವವರೇ ಹೆಚ್ಚು. ಕೋಳಿ ಕಪ್ಪಾಗುತ್ತದೆ, ತಿಂದವರ ಬಾಯಿ ಕಹಿಯಾಗುತ್ತದೆ. ರುಚಿ ಕೊಡುವುದು ತೆಳು ಹೊಗೆ.

ಮೊದಲು ಕಟ್ಟಿಗೆ. ಸೀಬೆ, ಹಲಸು ಎರಡೂ ಆದೀತು. ನನ್ನ ಆಯ್ಕೆ ಮಾತ್ರ ಕೊಯ್ಲಿನ ನಂತರ ಸವರಿ ಹಾಕಿದ ಕಾಫಿ ರೆಂಬೆ. ಗಟ್ಟಿ ಕಟ್ಟಿಗೆ, ನಿಧಾನಕ್ಕೆ ಉರಿಯುತ್ತದೆ. ಹೆಬ್ಬೆರಳು ದಪ್ಪದ್ದನ್ನು ಆರಿಸಿ, ತೊಗಟೆ ಸುಲಿದು, ಗೇಣುದ್ದ ಕಡಿದು ಬಚ್ಚಲ ಒಲೆಯ ಹತ್ತಿರ ಒಣಗಿಸಿ. ಒಂದಕ್ಕೊಂದು ಬಡಿದರೆ ಟಣ್ ಎನ್ನಬೇಕು. ನೀರಲ್ಲಿ ನೆನೆಸಬೇಡಿ, ನೀರು ಒಳಗಿಳಿಯುವುದಿಲ್ಲ, ಮೊದಲು ಬರೀ ಹಬೆ ಬರುತ್ತದೆ.

ಅಡಿಕೆ ಸಿಪ್ಪೆ ಹಂಡೆ ಒಲೆಗೇ ಇರಲಿ. ಕೊಳೆರೋಗಕ್ಕೆಂದು ಅದರ ಮೇಲೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆದಿರುತ್ತಾರೆ. ಗೇರುಬೀಜದ ಸಿಪ್ಪೆಯೂ ಬೇಡ, ಅದರ ಎಣ್ಣೆ ಚರ್ಮವನ್ನೇ ಸುಡುತ್ತದೆ. ಕಣಗಿಲೆ ವಿಷದ ಗಿಡ: ಕೆಂಡಕ್ಕೂ ಬೇಡ, ಮಾಂಸ ಚುಚ್ಚುವ ಕಡ್ಡಿಯಾಗಿಯೂ ಬೇಡ.

ಇದ್ದಿಲನ್ನು ಬಾರ್ಬೆಕ್ಯೂ ಒಲೆಯ ಒಂದು ಬದಿಗೆ ಹೊತ್ತಿಸಿ. ಸೀಮೆಎಣ್ಣೆ ಸುರಿದರೆ ಅದೇ ವಾಸನೆ ಊಟದವರೆಗೂ ಬರುತ್ತದೆ. ಒಂದು ಹಿಡಿ ತೆಂಗಿನ ನಾರು ಸಾಕು.

ಕೆಂಡಕ್ಕೆ ಬೂದಿ ಹೊದ್ದ ಮೇಲೆ ಅಂಚಿನಲ್ಲಿ ಎರಡು ತುಂಡು ಕಾಫಿ ಕಟ್ಟಿಗೆ ಇಡಿ. ಎಲ್ಲರೂ ಅವಸರಪಡುವುದು ಇಲ್ಲೇ. ಮೊದಲು ಬರುವುದು ದಟ್ಟ ಬಿಳಿ ಹೊಗೆ. ಆಗ ಮಾಂಸ ಇಡಲೇಬೇಡಿ. ಹೊಗೆ ಹೊರಹೋಗದಿರಲಿ ಎಂದು ಗಾಳಿಕಿಂಡಿ ಮುಚ್ಚುವುದು ಇನ್ನೂ ದೊಡ್ಡ ತಪ್ಪು. ಕಟ್ಟಿಗೆಗೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ಅಂಶ ಬಿಸಿಗೆ ಒಡೆದಾಗ ಗ್ವಾಯಕಾಲ್, ಸಿರಿಂಗಾಲ್ ಎಂಬ ಸಂಯುಕ್ತಗಳು ಹುಟ್ಟುತ್ತವೆ. ನಾವು ಮೆಚ್ಚುವ ಘಮ ಅವುಗಳದ್ದು. ಗಾಳಿ ಸಾಲದೆ ಬೆಂಕಿ ಉಸಿರುಗಟ್ಟಿದರೆ ಮಸಿ, ಟಾರು ಹೆಚ್ಚಿ ಮಾಂಸಕ್ಕೆ ಮೆತ್ತುತ್ತವೆ. ಕಿಂಡಿಗಳನ್ನು ತೆರೆದೇ ಇಟ್ಟು ಕಾಯಿರಿ. ಹೊಗೆ ತೆಳ್ಳಗಾಗಿ, ಹಿಂದೆ ಮರದ ಕಪ್ಪು ನೆರಳಿದ್ದರೆ ಮಾತ್ರ ಕಾಣುವಷ್ಟು ನೀಲಿ ಛಾಯೆಗೆ ತಿರುಗಬೇಕು. ಅಂಗೈಯನ್ನು ಹೊಗೆಯಲ್ಲಿ ಆಡಿಸಿ ಮೂಸಿ ನೋಡಿ. ಘಾಟು ಬಂದರೆ ಇನ್ನೂ ತಡೆಯಿರಿ, ಸಿಹಿ ಕಂಪು ಬಂದರೆ ಸಿದ್ಧ. ಮಳೆಗಾಲದ ಥಂಡಿಯಲ್ಲಿ ಇದಕ್ಕೆ ಹೆಚ್ಚು ಹೊತ್ತು ಬೇಕು.

ಈಗ ಕೋಳಿಯನ್ನು ಫ್ರಿಜ್‌ನಿಂದ ತೆಗೆದು ನೇರ ಇಡಿ, ಕೆಂಡವಿಲ್ಲದ ಬದಿಗೆ. ತಣ್ಣನೆಯ, ತೇವದ ಮೈಗೆ ಹೊಗೆ ಚೆನ್ನಾಗಿ ಹಿಡಿಯುತ್ತದೆ. ಮುಚ್ಚಳ ಹಾಕಿದ ಮೇಲೆ ಪದೇಪದೇ ತೆಗೆದು ನೋಡಬೇಡಿ. ನಾಟಿಕೋಳಿ ಈ ಕೆಲಸಕ್ಕೆ ಗಟ್ಟಿಯಾಯಿತು. ಚರ್ಮ ಸಮೇತದ ಬ್ರಾಯ್ಲರ್ ತನ್ನಿ.

ಬೇರೆ ಬೇರೆ ಘಮದ ಪ್ರಯೋಗವೆಲ್ಲ ಕೊನೆಯ ಹತ್ತು ನಿಮಿಷಕ್ಕೆ. ಎಲೆಗಳ ಕಂಪು ಹಗುರ, ಬೇಗ ಹಾರಿಹೋಗುತ್ತದೆ; ಹೆಚ್ಚು ಹೊತ್ತು ಸುಟ್ಟರೆ ಕಹಿ. ಒಣಗಿದ ದಾಲ್ಚಿನ್ನಿ ಎಲೆಯನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ನಾಲ್ಕಾರು ತೂತು ಮಾಡಿ ಕೆಂಡದ ಮೇಲಿಡಿ. ಕೋಳಿಗೆ ದಾಲ್ಚಿನ್ನಿ, ಬಂಗುಡೆ ಮೀನಿಗೆ ಒಣಗಿಸಿದ ಮಜ್ಜಿಗೆ ಹುಲ್ಲು (ಲೆಮನ್‌ಗ್ರಾಸ್). ಎರಡನ್ನೂ ಬೆರೆಸಿದರೆ ಒಂದರ ರುಚಿಯೂ ಉಳಿಯದು. ಚೀನಾದ ಸಿಚುವಾನ್‌ನಲ್ಲಿ ಬಾತುಕೋಳಿಗೆ ಚಹಾ ಸೊಪ್ಪಿನ ಜೊತೆ ಕರ್ಪೂರ ಮರದ ಎಲೆಯ ಹೊಗೆ ಕೊಡುತ್ತಾರೆ. ಅದನ್ನು ಕೇಳಿ ಪೂಜೆಯ ಕರ್ಪೂರ ಹಾಕಬೇಡಿ, ಅದು ತಿನ್ನುವ ವಸ್ತುವಲ್ಲ. ಹೊಗೆಯ ರುಚಿ ಕೊಡುವ ದ್ರವ, ಬಾಟಲಿಯ ಲಿಕ್ವಿಡ್ ಸ್ಮೋಕ್ ಕೂಡ ನನಗೆ ಹಿಡಿಸುವುದಿಲ್ಲ. ಒಂದು ಹನಿ ಹೆಚ್ಚಾದರೂ ಮಸಾಲೆಯೆಲ್ಲ ಮುಳುಗಿಹೋಗುತ್ತದೆ.

ಹೊಗೆ ಹಿಡಿದ ಕೋಳಿ ಬೆಂದ ಮೇಲೂ ಕೆಂಪಗೆ ಕಾಣಬಹುದು, ಹಾಗಾಗಿ ಬಣ್ಣ ನಂಬಬೇಡಿ. ತೊಡೆಯ ದಪ್ಪ ಭಾಗಕ್ಕೆ, ಮೂಳೆ ತಾಗದಂತೆ, ಥರ್ಮಾಮೀಟರ್ ಚುಚ್ಚಿ: 74 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು. ಮಾಂಸ ತಿನ್ನದವರಿಗೆ ಇದೇ ಹೊಗೆಯಲ್ಲಿ ಪನೀರ್, ಅಣಬೆ ಇಡಬಹುದು, ಆದರೆ ಕೋಳಿಗಿಂತ ಮೊದಲೇ, ಜಾಲರಿ ಶುಚಿಯಾಗಿರುವಾಗ.