ಟೇಬಲ್ ಸೆಲ್‌ಗಳ ನಡುವಿನ ಗ್ಯಾಪ್ ಸರಿಮಾಡುವುದು ಹೇಗೆ

ಚಿಕ್ಕಮಗಳೂರಿನ ಕಾಫಿ ವ್ಯಾಪಾರಿಗಳಿಗೆ ವೆಬ್‌ಸೈಟ್ ಮಾಡಿಕೊಡಲು ಕೂತರೆ ರೇಟ್ ಟೇಬಲ್ ತಪ್ಪಿದ್ದಲ್ಲ. ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರ್ರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರ್ರಿ, ಪಕ್ಕದಲ್ಲಿ 50 ಕೆಜಿ ಮೂಟೆಗೆ ಇಷ್ಟು ಅಂತ. ಇರುವುದೇ ನಾಲ್ಕು ಸಾಲು. ಆದರೂ ಅಕ್ಷರ ಗೆರೆಗೆ ಅಂಟಿಕೊಂಡು ಓದೋಕೇ ಕಿರಿಕಿರಿ, ಅಲ್ವಾ?

ಮೊದಲು ಜಾಗ ಎಲ್ಲಿ ಬೇಕು ಅಂತ ನೋಡಿ. ಅಳತೆ ಬರೆಯುವುದು ಸಿಎಸ್‌ಎಸ್‌ನಲ್ಲಿ, ಅಂದರೆ ಪೇಜ್ ಹೇಗೆ ಕಾಣಬೇಕು ಅಂತ ಹೇಳುವ ಕೋಡ್‌ನಲ್ಲಿ. ಅಕ್ಷರಕ್ಕೂ ಗೆರೆಗೂ ನಡುವೆ ಬೇಕಾದರೆ ಅದು ಪ್ಯಾಡಿಂಗ್, ಟಿಡಿ (ಮಾಮೂಲಿ ಸೆಲ್) ಮತ್ತು ಟಿಎಚ್‌ಗೆ (ಹೆಡ್ಡಿಂಗ್ ಸೆಲ್) ಕೊಡಬೇಕು. ಒಂದು ಸೆಲ್‌ಗೂ ಪಕ್ಕದ ಸೆಲ್‌ಗೂ ನಡುವೆ ಬೇಕಾದರೆ ಬಾರ್ಡರ್-ಸ್ಪೇಸಿಂಗ್, ಅದನ್ನು ಟೇಬಲ್‌ಗೇ ಕೊಡಬೇಕು. ಟಿಡಿಗೆ ಮಾರ್ಜಿನ್ ಕೊಟ್ಟು ಒದ್ದಾಡಬೇಡಿ, ಟೇಬಲ್ ಸೆಲ್‌ಗೆ ಮಾರ್ಜಿನ್ ಲೆಕ್ಕಕ್ಕೇ ಇಲ್ಲ.

ನೀವು ಏನೂ ಹೇಳದಿದ್ದರೆ ಬ್ರೌಸರ್ ತಾನೇ 2 ಪಿಕ್ಸೆಲ್ ಸ್ಪೇಸಿಂಗ್, 1 ಪಿಕ್ಸೆಲ್ ಪ್ಯಾಡಿಂಗ್ ಹಾಕಿಕೊಳ್ಳುತ್ತದೆ. ರೇಟ್ ಟೇಬಲ್‌ಗೆ ನನ್ನ ಪ್ರಕಾರ ಸ್ಪೇಸಿಂಗ್ ಬೇಕೇ ಇಲ್ಲ. ಟೇಬಲ್‌ನ ಬಾರ್ಡರ್-ಕೊಲ್ಯಾಪ್ಸ್‌ಗೆ ಕೊಲ್ಯಾಪ್ಸ್ ಅಂತ ಕೊಡಿ, ಪ್ಯಾಡಿಂಗ್ 10 ಪಿಕ್ಸೆಲ್ 14 ಪಿಕ್ಸೆಲ್ ಕೊಡಿ, ಸಾಕು. ಸುಮ್ನೆ ಸ್ಪೇಸಿಂಗ್ ಸೊನ್ನೆ ಮಾಡಿದರೆ ಎರಡು ಸೆಲ್‌ಗಳ ಗೆರೆ ಅಕ್ಕಪಕ್ಕ ಕೂತು ದಪ್ಪ ಕಾಣುತ್ತದೆ, ಕೊಲ್ಯಾಪ್ಸ್ ಮಾಡಿದರೆ ಎರಡೂ ಸೇರಿ ಒಂದೇ ಗೆರೆ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಹಾಗಾಗಿ ಇಂಗ್ಲಿಷ್ ಟೇಬಲ್‌ಗಿಂತ ಮೇಲೆ ಕೆಳಗೆ ಒಂಚೂರು ಜಾಸ್ತಿಯೇ ಬಿಡಿ. ಚೆರ್ರಿಯ ಒತ್ತು ಗೆರೆಗೆ ತಾಗಿದರೆ ಚೆನ್ನಾಗಿರುವುದಿಲ್ಲ.

ಹೋಮ್‌ಸ್ಟೇ ಬುಕಿಂಗ್ ಕ್ಯಾಲೆಂಡರ್ ಆದರೆ ಬೇರೆ ಮಾತು. ಅಲ್ಲಿ ಪ್ರತಿ ತಾರೀಕೂ ಬಿಡಿಬಿಡಿ ಚೌಕವಾಗಿ ಕಂಡರೆ ಚೆಂದ, ಬಾರ್ಡರ್-ಸ್ಪೇಸಿಂಗ್ 6 ಪಿಕ್ಸೆಲ್ ಹಾಕಿ. ಎರಡು ಅಳತೆ ಕೊಟ್ಟರೆ ಮೊದಲನೆಯದು ಅಡ್ಡಕ್ಕೆ, ಎರಡನೆಯದು ಮೇಲೆ ಕೆಳಕ್ಕೆ. ಇಲ್ಲೇ ಎಲ್ಲರೂ ಎಡವುವುದು, ಯಾಕೆಂದರೆ ಪ್ಯಾಡಿಂಗ್‌ನಲ್ಲಿ ಇದು ಉಲ್ಟಾ, ಮೊದಲು ಮೇಲೆ ಕೆಳಗೆ, ಆಮೇಲೆ ಎಡ ಬಲ. ಪರ್ಸೆಂಟ್‌ನಲ್ಲಿ ಕೊಟ್ಟರೆ ಬಾರ್ಡರ್-ಸ್ಪೇಸಿಂಗ್ ಒಪ್ಪುವುದಿಲ್ಲ, ಮೈನಸ್ ಅಳತೆಯನ್ನೂ ಒಪ್ಪುವುದಿಲ್ಲ.

ಅಳತೆ ಸರಿಯಾಗಿ ಕೊಟ್ಟರೂ ಗ್ಯಾಪ್ ಬರುತ್ತಿಲ್ಲವಾ? ಬ್ರೌಸರ್‌ನಲ್ಲಿ ಎಫ್12 ಒತ್ತಿ, ತೆರೆಯುವ ಡೆವಲಪರ್ ಟೂಲ್ಸ್‌ನಲ್ಲಿ ಟೇಬಲ್ ಮೇಲೆ ಯಾವ ಬಾರ್ಡರ್-ಕೊಲ್ಯಾಪ್ಸ್ ಕೂತಿದೆ ನೋಡಿ. ಬೂಟ್‌ಸ್ಟ್ರ್ಯಾಪ್ (ರೆಡಿಮೇಡ್ ಸ್ಟೈಲ್‌ಗಳ ಕಟ್ಟು) ಹಾಕಿದ್ದರೆ ಅದು ಎಲ್ಲ ಟೇಬಲ್‌ಗೂ ಮೊದಲೇ ಕೊಲ್ಯಾಪ್ಸ್ ಮಾಡಿಟ್ಟಿರುತ್ತದೆ, ಕೊಲ್ಯಾಪ್ಸ್ ಇದ್ದಾಗ ನೀವು 6 ಕೊಡಿ, 60 ಕೊಡಿ, ಸ್ಪೇಸಿಂಗ್ ನಡೆಯುವುದೇ ಇಲ್ಲ. ನಿಮ್ಮ ಸ್ಟೈಲ್‌ನಲ್ಲಿ ಅದನ್ನು ಸೆಪರೇಟ್ ಅಂತ ಬದಲಿಸಿ, ಗ್ಯಾಪ್ ತಾನಾಗೇ ಬರುತ್ತದೆ. ಸೆಲ್ ಮೂಲೆಗಳನ್ನು ದುಂಡಗೆ ಮಾಡಬೇಕಾದರೂ ಸೆಪರೇಟ್ ಬೇಕು.

ಇನ್ನೊಂದು, ಈ ಗ್ಯಾಪ್ ಟೇಬಲ್‌ನ ಹೊರ ಅಂಚಿಗೂ ಬರುತ್ತದೆ. ಮೇಲಿನ ಹೆಡ್ಡಿಂಗ್‌ಗಿಂತ ಚೌಕಗಳು ಸ್ವಲ್ಪ ಒಳಗೆ ಸರಿದ ಹಾಗೆ ಕಾಣುವುದು ಅದಕ್ಕೇ. ಸಾಲು ಸಾಲಿನ ನಡುವೆ ಮಾತ್ರ ಜಾಗ ಸಾಕು ಅನ್ನುವವರು 0 ಮತ್ತು 8 ಪಿಕ್ಸೆಲ್ ಕೊಡಿ, ಎಡ ಬಲ ನೇರವಾಗಿ ಕೂರುತ್ತದೆ.

ಹಳೆಯ ಕೋಡ್‌ನಲ್ಲಿ ಸೆಲ್‌ಸ್ಪೇಸಿಂಗ್, ಸೆಲ್‌ಪ್ಯಾಡಿಂಗ್ ಅಂತ ಟ್ಯಾಗ್ ಒಳಗೇ ಬರೆದಿರುತ್ತಾರೆ. ಎಚ್‌ಟಿಎಂಎಲ್5ರಲ್ಲಿ ಅವನ್ನು ಕೈಬಿಟ್ಟಿದ್ದಾರೆ, ಬ್ರೌಸರ್‌ಗಳು ಮಾತ್ರ ಇನ್ನೂ ಅರ್ಥ ಮಾಡಿಕೊಳ್ಳುತ್ತವೆ. ಹೊಸ ಪೇಜ್‌ಗೆ ಬೇಡ. ಗಿರಾಕಿಗಳಿಗೆ ರೇಟನ್ನು ಇಮೇಲ್‌ನಲ್ಲಿ ಕಳಿಸುವ ಟೇಬಲ್ ಆದರೆ ಸೆಲ್‌ಸ್ಪೇಸಿಂಗ್ ಸೊನ್ನೆ ಇರಲಿ, ಎಲ್ಲ ಮೇಲ್ ಆಪ್‌ಗಳೂ ಸಿಎಸ್‌ಎಸ್ ಮಾತು ಪೂರ್ತಿ ಕೇಳುವುದಿಲ್ಲ.